ಬೆಲ್ಲ ಕೇಳಿದ ಡ್ರೈವರ್

ಗುಂಡ್ಲುಪೇಟೆಯ ನಮ್ಮ ಮನೆ ಮುಂದೆ ಲಾರಿ ನಿಲ್ಲಿಸಿದ ಮಲಯಾಳಿ ಡ್ರೈವರ್ ಬಾಗಿಲಿಗೆ ಬಂದು "ಅಮ್ಮಾ, ವೆಳ್ಳಂ" ಎಂದ. ಅತ್ತೆ ಒಂದು ಅಚ್ಚು ಬೆಲ್ಲ, ಚೊಂಬಿನಲ್ಲಿ ನೀರು ತಂದುಕೊಟ್ಟರು. ಆತ ಬೆರಗಾಗಿ ನೋಡಿ, ಗಟಗಟ ನೀರು ಕುಡಿದು, ಬೆಲ್ಲ ಕಚ್ಚಿಕೊಂಡು ನಗುತ್ತ ಹೋದ.

"ಅವ್ರ ಭಾಷೇಲಿ ವೆಳ್ಳಂ ಅಂದ್ರೆ ನೀರು ಕಣವ್ವಾ," ಎಂದು ನನ್ನ ಗಂಡ ನಕ್ಕರು.

"ಬೆಲ್ಲ ಕೇಳ್ದ ಅಂದ್ಕಂಡೆ ಕಣ್ಲಾ. ಬಾಗ್ಲಿಗೆ ಬಂದೋರ್ಗೆ ನೀರ್ ಕೊಡ್ದೆ ಬರೀ ಬೆಲ್ಲ ಕೊಟ್ಟಾರಾ?" ಎಂದರು ಅತ್ತೆ.

ಗಂಡನಿಗೆ ವರ್ಗಾವಣೆ. ಕೇರಳದ ಕಣ್ಣೂರೋ, ತಮಿಳುನಾಡಿನ ಕಡಲೂರೋ, ನಾವೇ ಆರಿಸಬೇಕಿತ್ತು. ಎರಡೂ ಕಡೆ ಸಮುದ್ರ, ಎರಡೂ ಕಡೆ ಸೆಕೆ. "ನೀರು ಕೇಳೋದು ಬಂತಲ್ಲ, ಕಣ್ಣೂರೇ ಅಂತ ಹೇಳ್ಬುಡಿ," ಎಂದು ಅವರನ್ನು ಆಗಲೇ ಎಸ್‌ಟಿಡಿ ಬೂತಿಗೆ ಕಳಿಸಿದೆ.

ಕಣ್ಣೂರು ತಲುಪಿದ ದಿನ ಪಕ್ಕದ ಮನೆ ಬಾಗಿಲಲ್ಲಿ ನಿಂತು ಧೈರ್ಯವಾಗಿ "ವೆಳ್ಳಂ" ಎಂದೆ. ನನಗೆ ಬರುತ್ತಿದ್ದ ಮಲಯಾಳ ಅಷ್ಟೇ. ಸಾಕಾಯಿತು.