ಉಣ್ಣಿಯ ಗುಂಗಿನಲ್ಲಿ

ನನ್ನ ಬೆರಳುಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಇಳಕಲ್ಲಿನ ನಮ್ಮ ಮನೆಯ ಮಗ್ಗದಲ್ಲಿ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ ನನ್ನದು. ಬೇರೆಯವರು ಹಾಕಿದ ಕೊಂಡಿ ನನಗೆ ಮನಸ್ಸಿಗೆ ಬರುವುದಿಲ್ಲ. ಅಂಥ ಬೆರಳುಗಳು ಜೋಮು ಹಿಡಿಯತೊಡಗಿದವು. ಎಳೆ ಕೈಯಲ್ಲಿದೆಯೋ ಜಾರಿತೋ ತಿಳಿಯದಾಯಿತು. ಅದರ ಮೇಲೆ ಮೊಣಕಾಲು ನೋವು, ಮೈತುಂಬ ಸುಸ್ತು.

ಈ ಕಷ್ಟಕ್ಕೆ ಹೆಸರು ಹುಡುಕಿಕೊಟ್ಟದ್ದು ಮೊಬೈಲು. ಉಣ್ಣಿ ಕಚ್ಚಿದರೆ ಲೈಮ್ ಎಂಬ ರೋಗ ಬರುತ್ತದೆ, ಎಷ್ಟೋ ಕಾಲದ ಮೇಲೂ ಕೀಲು, ನರ ಹಿಡಿಯುತ್ತದೆ ಎಂದು ವಿಡಿಯೊದಲ್ಲಿ ಯಾರೋ ಹೇಳುತ್ತಿದ್ದರು. ಗುಡೂರಿನ ನನ್ನ ಅಕ್ಕ ಕುರಿ ಸಾಕಿದ್ದಾಳೆ. ಬಹಳ ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ಕುರಿಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮರುದಿನ ನನ್ನ ಕಿವಿಯ ಹಿಂದೆ ಉಬ್ಬಿ ಕುಳಿತಿದ್ದ ಉಣ್ಣಿಯನ್ನು ಅಕ್ಕನೇ ಕಿತ್ತು ತೆಗೆದಿದ್ದಳು. ಮರೆತೇ ಹೋಗಿದ್ದ ಆ ಹುಳ ಈಗ ನನ್ನ ತಲೆಯೊಳಗೆ ಕಚ್ಚಿಕೊಂಡು ಕುಳಿತುಬಿಟ್ಟಿತು.

ಯಾರಿಗೂ ಹೇಳದೆ ಬಾಗಲಕೋಟೆಗೆ ಹೋಗಿ ನವನಗರದ ಒಂದು ದವಾಖಾನೆಯಲ್ಲಿ ತೋರಿಸಿದೆ. ಡಾಕ್ಟರು ಶಿವಮೊಗ್ಗ ಕಡೆಯ ಹೆಣ್ಣುಮಗಳು, ಈ ಊರಿಗೆ ಹೊಸಬರು.

"ಕುರಿ ಮೈಯಾಗಿನ ಉಣ್ಣಿ ಹತ್ತಿತ್ರಿ ಮೇಡಮ್ರ. ಅದರಿಂದ ಏನರ ಆಗಿರಬಹುದೇನ್ರಿ?" ಎಂದೆ. ಉಣ್ಣಿಯ ಗುಂಗಿನಲ್ಲಿ ಬೆರಳಿನ ಮಾತನ್ನೇ ಎತ್ತಲಿಲ್ಲ.

"ಉಣ್ಣೆ ಕೆಲವರಿಗೆ ಆಗಲ್ಲಮ್ಮ. ಸ್ವೆಟರ್, ಕಂಬಳಿ ಸ್ವಲ್ಪ ದಿನ ದೂರ ಇಡಿ" ಎಂದರು.

ನಮ್ಮ ಕಡೆ ಕಂಬಳಿಯ ಉಣ್ಣೆಯೂ ಉಣ್ಣಿಯೇ, ರಕ್ತ ಹೀರುವ ಹುಳವೂ ಉಣ್ಣಿಯೇ. ಅವರು ತಪ್ಪು ತಿಳಿದಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಕಂಬಳಿಯಲ್ಲೂ ಆ ಹುಳ ಅಡಗಿರಬೇಕು, ಓದಿದವರಿಗೆ ಗೊತ್ತಿರುತ್ತದೆ ಎಂದುಕೊಂಡೆ. ಚಳಿಗಾಲವಿಡೀ ತೆಳು ಚಾದರ ಹೊದ್ದು ಗಡಗಡ ನಡುಗಿದೆ. ಬೆರಳು ಇನ್ನಷ್ಟು ಸೆಟೆದವು.

ಅಕ್ಕ ಬಂದಾಗ ನನ್ನ ಅವತಾರ ನೋಡಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ, "ನಿನ್ನ ಕೈ ಹೋದ್ರ ನಾ ಕುರಿ ಮಾರಿ ನಿನ್ನ ಮನಿಗೇ ಬಂದು ಇರ್ತೇನಿ. ನನ್ನ ಕುರೀದ ಉಣ್ಣಿ ಅದು" ಎಂದಳು. ಅವಳ ಎದೆಯಲ್ಲೂ ಅದು ಕುಳಿತಿದೆ ಎಂದು ಆಗ ತಿಳಿಯಿತು.

ಅದೇ ಡಾಕ್ಟರ ಮುಂದೆ ಅಕ್ಕನೇ ಬಾಯಿ ತೆರೆದಳು. "ಕಂಬಳಿ ಉಣ್ಣಿ ಅಲ್ರಿ ಮೇಡಮ್ರ. ಈ ಉಣ್ಣಿ ರಕ್ತ ಕುಡಿತೈತ್ರಿ."

"ಅಯ್ಯೋ, ಉಣುಗು! ನಮ್ಮ ಕಡೆ ಉಣುಗು ಅಂತೀವಿ" ಎಂದು ಡಾಕ್ಟರು ನಕ್ಕರು. "ಸರಿಯಾಗಿ ಕೇಳದೇ ಇದ್ದದ್ದು ನನ್ನ ತಪ್ಪು" ಎಂದೂ ಅಂದರು. ಆ ಒಂದು ಮಾತಿಗೇ ನಾನು ಅವರಿಗೆ ಒಲಿದುಬಿಟ್ಟೆ. ಬೆರಳಿನ ಜೋಮು, ವಿಡಿಯೊದ ರೋಗ ಎಲ್ಲವನ್ನೂ ಹೇಳಿದೆ. ಅವರು ನನ್ನ ಒಂದೊಂದೇ ಬೆರಳು ಹಿಡಿದು ಒತ್ತಿ ನೋಡಿದರು. ಆ ಹುಳ ಕಚ್ಚಿದಾಗ ಜ್ವರ ಬಂದಿತ್ತೇ, ಚರ್ಮ ಕೆಂಪಾಗಿತ್ತೇ ಎಂದು ಕೇಳಿದರು. ಎರಡೂ ಇರಲಿಲ್ಲ.

"ನಮ್ಮ ಕಾಡಲ್ಲಿ ಉಣುಗಿಂದ ಜ್ವರ ಬರುತ್ತೆ, ಆ ಭಯ ನೋಡ್ಕೊಂಡೇ ಬೆಳೆದೋಳು ನಾನು. ನೀವು ಹೆದರಿದ್ದು ಹುಚ್ಚಲ್ಲ. ಆದ್ರೆ ಲೈಮ್ ರೋಗ ಈ ಕಡೆ ತುಂಬಾ ಅಪರೂಪ. ಮೊದಲು ರಕ್ತ ಪರೀಕ್ಷೆ ಮಾಡಿಸೋಣ."

ರಕ್ತದಲ್ಲಿ ಸಿಕ್ಕಿದ್ದು ಥೈರಾಯ್ಡ್. ಜೋಮು, ನೋವು, ಸುಸ್ತು ಎಲ್ಲ ಅದರದೇ ಕಾರುಬಾರು. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಳಿಗೆ, ಅಷ್ಟೇ. ಹೊರಗೆ ಬಂದು ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಇಷ್ಟ ದಿನಾ ಅಳಲಿಲ್ಲ, ಒಂದ ಗುಳಿಗಿಗೆ ಅಳ್ತೀಯಲ್ಲ" ಎಂದು ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು.

ಬೆರಳು ಒಮ್ಮೆಲೇ ಸರಿಹೋಗಲಿಲ್ಲ, ಭಯವೂ ಹೋಗಲಿಲ್ಲ. ಅಕ್ಕ ದಿನಾ ಫೋನು ಮಾಡಿ, "ಕೈ ಏನಂತಾವ?" ಎಂದು ಕೇಳುತ್ತಿದ್ದಳು. ನಾನು ಪ್ರತಿ ಬೆರಳಿನ ಪುರಾಣ ಹೇಳುತ್ತಿದ್ದೆ. ಪಾಪ, ಅವಳು ಒಮ್ಮೆಯೂ ಬೇಸರಪಡದೆ ಕೇಳಿದಳು. ಅಂಥ ಅಕ್ಕನನ್ನು ಪಡೆದದ್ದು ನನ್ನ ಪುಣ್ಯ.

ಮೊನ್ನೆ ಅವಳ ಫೋನು ಬಂದಾಗ ನಾನು ಮಗ್ಗದಲ್ಲಿ ಕೂತು ಕೊಂಡಿ ಹಾಕುತ್ತಿದ್ದೆ, ಒಂದು ಎಳೆಯೂ ಜಾರಿರಲಿಲ್ಲ. "ಕೈಯಾಗ ಎಳಿ ಅದಾವಕ್ಕಾ, ಆಮ್ಯಾಲ ಮಾತಾಡೂಣು" ಎಂದೆ. ಅವಳಿಗೆ ಬೇಜಾರಾಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ಫೋನು ಇಡುವುದನ್ನೂ ಮರೆತು ಅವಳು ಮನೆಯವರಿಗೆ ಹೇಳುವುದು ಕೇಳಿಸಿತು: "ನಮ್ಮ ತಂಗಿಗೆ ಇವತ್ತ ನನ್ನ ಕೂಡ ಮಾತಾಡಾಕ ಪುರಸೊತ್ತಿಲ್ಲಂತ." ಹೇಳುತ್ತ ಹೇಳುತ್ತ ನಗುತ್ತಿದ್ದಳು, ಅಳುತ್ತಿದ್ದಳು.