ಫಹಾಹೀಲಿನಲ್ಲಿ ಅಳತೆ ಕೊಟ್ಟ ಕಿಲ್ಟು

ಬೆಳಿಗ್ಗೆ ಕಪಾಟು ತೆಗೆದರೆ ಉಣ್ಣೆಯ ವಾಸನೆ, ಜೊತೆಗೆ ನುಸಿಗುಳಿಗೆಯ ಘಾಟು. ಹೊರಗೆ ಕುವೈತಿನ ಜುಲೈ. ಬಾಲ್ಕನಿಯ ಸರಳು ಮುಟ್ಟಿದರೆ ಕೈ ಸುಡುತ್ತದೆ. ಇಂಥ ಊರಿನಲ್ಲಿ ಉಣ್ಣೆಯ ಕಿಲ್ಟು ಇಟ್ಟುಕೊಂಡಿರುವ ಮಂಗಳೂರಿನವರು ಎಷ್ಟು ಮಂದಿಯೋ, ನನಗೆ ತಿಳಿಯದು. ಒಬ್ಬನಂತೂ ಇದ್ದಾನೆ. ನೀವು ಕಿಲ್ಟು ನೋಡಿರದಿದ್ದರೆ ಹೇಳುತ್ತೇನೆ: ಸ್ಕಾಟ್ಲೆಂಡಿನ ಗಂಡಸರು ಸಮಾರಂಭಗಳಲ್ಲಿ ಉಡುವ, ಮೊಣಕಾಲಿನವರೆಗಿನ, ಚೌಕುಳಿಯ ನೆರಿಗೆ ಬಟ್ಟೆ. ಅದನ್ನು ಲಂಗ ಎನ್ನಬಾರದು. ನನ್ನ ಹೆಂಡತಿ ಲಿಲ್ಲಿ ಮಾತ್ರ ಲಂಗವೆಂದೇ ಕರೆಯುತ್ತಾಳೆ.

ಮಗಳು ಅನಿತಾ ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿಯವನನ್ನೇ ಮೆಚ್ಚಿದಳು. ಹುಡುಗ ಒಳ್ಳೆಯವನು, ಮೀನಿನ ಮುಳ್ಳು ಬಿಡಿಸಲು ಬರುವುದಿಲ್ಲ, ಅಷ್ಟೇ. ಬೀಗರು ಫೋನಿನಲ್ಲಿ, ತಮ್ಮ ಕಡೆಯ ಗಂಡಸರೆಲ್ಲ ಮದುವೆಗೆ ಕಿಲ್ಟು ಉಡುತ್ತಾರೆ, ನೀವೂ ಉಟ್ಟರೆ ಸಂತೋಷ ಎಂದರು. ಅನಿತಾ ನಡುವೆ ಬಾಯಿ ಹಾಕಿದಳು: "ನೋ ನೋ, ಪಪ್ಪಾಗೆ ಸೂಟೇ ಸಾಕು."

ಆ ಅವಸರ ನನಗೆ ಚುರ್ ಎಂದಿತು. ಅವಳು ಹತ್ತು ವರ್ಷದವಳಿದ್ದಾಗ, ಮರೆತುಹೋದ ಟಿಫಿನ್ ಡಬ್ಬಿ ಹಿಡಿದು, ಲುಂಗಿ ಎತ್ತಿ ಕಟ್ಟಿಕೊಂಡೇ ಸ್ಕೂಲ್ ಬಸ್ಸಿನ ಹಿಂದೆ ಓಡಿದ್ದೆ. ಸಂಜೆ ಬಂದು, "ಪಪ್ಪಾ, ಪ್ಲೀಸ್, ಹಾಗೆ ಕೆಳಗೆ ಬರ್ಬೇಡಿ" ಎಂದಳು. ಅಂದಿನಿಂದ ನನ್ನ ಲುಂಗಿ ಫ್ಲ್ಯಾಟಿನ ಹೊಸ್ತಿಲು ದಾಟಿಲ್ಲ. ಮಗಳಿಗೆ ನಾನೆಂದರೆ ನಾಚಿಕೆ ಎಂಬುದು ನನಗೆ ಖಚಿತವಾಗಿತ್ತು. ಸರಿ, ಅವಳ ಮದುವೆಯಲ್ಲೇ ಮೊಣಕಾಲು ತೋರಿಸುತ್ತೇನೆ ಎಂದು ಹಠ ಹಿಡಿದೆ. ಹೆತ್ತ ತಂದೆಗೆ ಇರಬಾರದ ಬುದ್ಧಿ, ಒಪ್ಪುತ್ತೇನೆ.

ಕಿಲ್ಟು ಆರಿಸುವುದು ಸುಲಭವಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿ. ಬೀಗರದ್ದು ಕೆಂಪು, ಅದನ್ನು ನಾನು ಉಟ್ಟರೆ ಅವರ ಮನೆಗೆ ದತ್ತು ಹೋದ ಹಾಗೆ. ಯಾರು ಬೇಕಾದರೂ ಉಡಬಹುದಾದ ಕೆಲವು ಇವೆ. ಇಂಟರ್ನೆಟ್ಟಿನಲ್ಲಿ ಎರಡು ವಾರ ನೋಡಿದೆವು. ಲಿಲ್ಲಿ ಕೊನೆಗೆ ನೀಲಿ-ಹಸಿರಿನ ಮೇಲೆ ಬೆರಳಿಟ್ಟಳು. "ನಿಮ್ಮ ಲುಂಗಿಯ ಹಾಗೇ ಉಂಟು. ಇದನ್ನೇ ತರಿಸಿ."

ಅಳತೆ ಕಳಿಸಬೇಕಿತ್ತು. ಇಲ್ಲೇ ಕುವೈತಿನ ಫಹಾಹೀಲಿನಲ್ಲಿ ಉಳ್ಳಾಲದ ಬ್ಯಾರಿ ದರ್ಜಿ ಹಮೀದಾಕ ಇದ್ದಾರೆ; ಕುವೈತಿಗಳ ಬಿಳಿ ನಿಲುವಂಗಿ ಹೊಲಿದು ಪಳಗಿದ ಕೈ. ಅವರು ನನ್ನ ಫೋನಿನಲ್ಲಿದ್ದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ನಮ್ಮೂರಿನ ಕ್ರಿಶ್ಚಿಯನ್ನರನ್ನು ಕರೆಯುವಂತೆ ನನ್ನನ್ನು ಅವರು ಪೊರ್ಬುಗಳು ಎನ್ನುತ್ತಾರೆ.

"ಪೊರ್ಬುಗಳೇ, ನೆರಿಗೆ ಹಿಂದೆಯಾ? ಕೂತ್ರೆ ಇಸ್ತ್ರಿ ಹಾಳಾಗುದಿಲ್ವಾ ಮಾರಾಯ್ರೆ?"

"ಅವರು ಕೂರುವುದಿಲ್ಲ ಕಾಣ್ತದೆ."

"ಒಳಗೆ ಎಂತ ಹಾಕುದು?"

"ನೀವು ಅಳತೆ ತೆಗೀರಿ ಹಮೀದಾಕ."

ಟೇಪು ಹೊಕ್ಕುಳಿನ ಮೇಲೆ ಬಂತು. ನಾನು ಹೊಟ್ಟೆ ಒಳಗೆ ಎಳೆದುಕೊಂಡೆ. ಅವರು ಕಾದರು. ನಾನೂ ಕಾದೆ. "ಉಸಿರು ಬಿಡಿ," ಎಂದರು ಶಾಂತವಾಗಿ, "ಮದುವೆ ಮುಗಿಯುವವರೆಗೆ ಹೀಗೇ ಇರ್ಲಿಕ್ಕೆ ಆಗುದಿಲ್ಲ." ಬಿಟ್ಟೆ. ನಾಲ್ಕು ಇಂಚು ಹೆಚ್ಚಾಯಿತು. "ಖಲಾಸ್," ಎಂದು ಬರೆದುಕೊಂಡರು.

ಕಿಲ್ಟು ಬಂದ ಮೇಲೆ ಏಸಿ ಹಾಕಿ ಹಾಲಿನಲ್ಲಿ ದಿನವೂ ನಡೆದು ಅಭ್ಯಾಸ ಮಾಡಿದೆ. ಹಾಲಿನಲ್ಲಿ ಮೆಟ್ಟಿಲಿಲ್ಲ. ಅದು ದೊಡ್ಡ ತಪ್ಪಾಯಿತು.

ಮದುವೆಯ ದಿನ ಸ್ಕಾಟ್ಲೆಂಡಿನ ಚರ್ಚಿನ ಮುಂದೆ ಹನ್ನೊಂದು ಮೆಟ್ಟಿಲು. ಅನಿತಾ ನನ್ನ ತೋಳು ಹಿಡಿದಿದ್ದಳು. ಮೆಟ್ಟಿಲು ಕಂಡರೆ ನಮ್ಮ ಕಡೆಯ ಗಂಡಸಿನ ಕೈ ಯಾರನ್ನೂ ಕೇಳುವುದಿಲ್ಲ. ಉಟ್ಟದ್ದರ ಅಂಚು ಹಿಡಿದು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸುತ್ತದೆ. ನನ್ನ ಕೈಯೂ ಎತ್ತಿತು. ಬೀಗರೆಲ್ಲ ಒಟ್ಟಾಗಿ ಗೋಪುರದ ಗಡಿಯಾರ ನೋಡತೊಡಗಿದರು.

"ಪಪ್ಪಾ!" ಅನಿತಾ ಹೂಗುಚ್ಛ ಬಿಟ್ಟು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅಯ್ಯೋ ದೇವರೇ, ಇವಳ ಮಾನ ಕಳೆದೆನಲ್ಲ ಎನಿಸಿತು. ನನ್ನ ಹಠವೆಲ್ಲ ಅಲ್ಲೇ ಸತ್ತಿತು. ಆದರೆ ಅವಳು ಒಳಗೆ ಪಾದ್ರಿ ನಿಂತಿದ್ದ ಆಲ್ತಾರಿನವರೆಗೂ ಆ ಕೈ ಬಿಡಲಿಲ್ಲ.

ಇದಾಗಿ ಮೂರು ವರ್ಷ. ಇವತ್ತು ಯಾಕೋ ಕಿಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೆ ಫೋನ್ ಮಾಡಿದೆ. "ಅನಿತಾ, ಇದನ್ನು ನಾನು ಹಠಕ್ಕೆ ಕೊಂಡದ್ದು. ನಿನಗೆ ನಾಚಿಕೆ ಆಗ್ಲಿ ಅಂತ."

"ಗೊತ್ತಿತ್ತು ಪಪ್ಪಾ."

"ಮತ್ತೆ ಕೈ ಹಿಡಿದದ್ದು?"

"ಇನ್ನೊಮ್ಮೆ ಎತ್ತಿದ್ರೆ ಅಂತ ಹೆದರಿಕೆ." ಮತ್ತೆ ಹೇಳಿದಳು: "ಅರ್ಧ ದಾರಿಯಲ್ಲಿ ಹೆದರಿಕೆ ಹೋಯ್ತು. ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ."

ಫೋನನ್ನು ಲಿಲ್ಲಿಗೆ ಕೊಟ್ಟೆ.