ಬಾಣ ಒತ್ತಿದರೆ ಮಾತ್ರ ಬರುವ ಫೋಟೊ

ನನ್ನ ಕೆಲಸ ಏನೆಂದು ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆ ಅಮ್ಮ, "ವೆಬ್‌ಸೈಟ್‌ಗಳಿಗೆ ಪರೀಕ್ಷೆ ಮಾಡ್ತಾಳೆ ಕಣ್ರೀ" ಅನ್ನುತ್ತಾಳೆ. "ಪಾಸಾಗ್ತವಾ?" ಎಂದು ಅವರು ಕೇಳುತ್ತಾರೆ. ಅಮ್ಮ ಹೇಳುವುದರಲ್ಲಿ ತಪ್ಪೇನಿಲ್ಲ. ಯಾರಾದರೂ ಸೈಟು ಮಾಡಿಸಿದರೆ ಅದರ ಗುಂಡಿಗಳನ್ನೆಲ್ಲ ಮನುಷ್ಯರ ಬದಲು ಒತ್ತಿ ನೋಡುವ ಒಂದು ಪ್ರೋಗ್ರಾಂ ಬರೆಯುತ್ತೇನೆ. ಬ್ರೌಸರ್ ತಾನಾಗಿ ತೆರೆದುಕೊಳ್ಳುತ್ತದೆ, ಪುಟ ತಾನಾಗಿ ಸರಿಯುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಗೆರೆ, ಇಲ್ಲದಿದ್ದರೆ ಕೆಂಪು. ನಮ್ಮ ಮ್ಯಾನೇಜರಿಗೆ ಹಸಿರೆಂದರೆ ಪ್ರಾಣ. ಸೈಟು ಹಾಳಾಗಿ ಹೋಗಲಿ, ರಿಪೋರ್ಟು ಹಸಿರಾಗಿರಬೇಕು.

ಒಮ್ಮೆ ನಮಗೆ ಇಲವಾಲದ ಕಡೆಯ ಕಲ್ಯಾಣ ಮಂಟಪವೊಂದರ ಸೈಟು ಸಿಕ್ಕಿತು. ನಾಲ್ವರು ಅಣ್ಣತಮ್ಮಂದಿರು, ಅವರಿಗೆಲ್ಲ ಕಿರಿಯವರಾಗಿ ಒಬ್ಬ ತಂಗಿ. ಅಪ್ಪನ ಹೊಲದಲ್ಲಿ ಐವರೂ ಸೇರಿ ಕಟ್ಟಿಸಿದ ಮಂಟಪ. ಕಾಗದದಲ್ಲಿ ಐವರೂ ಪಾಲುದಾರರು. ಬಾಗಿಲ ಪಕ್ಕದ ಕಲ್ಲಿನ ಮೇಲೆ ಮಾತ್ರ ನಾಲ್ಕೇ ಹೆಸರು. ತಂಗಿಯ ಪಾಲಿಗೆ ಬಂದದ್ದು ಅಡುಗೆಮನೆ, ಉಗ್ರಾಣದ ಬೀಗದ ಕೈ ಮತ್ತು ಸೊಂಟನೋವು. ಮದುವೆಯ ದಿನ ಹಾರ ಹಾಕಿಸಿಕೊಳ್ಳುವವರು ಅಣ್ಣಂದಿರು. ಸಾರು ಸಾಲದೆ ಹೋದರೆ ಜನ ಕೂಗುವುದು ಆಕೆಯನ್ನು.

ಸೈಟಿನ ಮೊದಲ ಪುಟದಲ್ಲಿ ಒಂದರ ಹಿಂದೊಂದು ತಿರುಗುವ ಫೋಟೊಗಳಿರಬೇಕೆಂದು ತೀರ್ಮಾನವಾಯಿತು. ಸ್ಟೇಜು, ಊಟದ ಹಾಲ್, ಪಾರ್ಕಿಂಗ್ ಜಾಗ ಹಾಕೋಣವೆಂದೆವು. ದೊಡ್ಡಣ್ಣ ಒಪ್ಪಲಿಲ್ಲ. "ಸ್ಟೇಜು ಯಾರ ಛತ್ರದಲ್ಲಿ ಇಲ್ಲ ಹೇಳಿ? ನಮ್ ಫೋಟೊ ಹಾಕಿ" ಎಂದರು. ಬಂದ ಫೋಟೊಗಳು ಹುಟ್ಟುಹಬ್ಬದ ಫ್ಲೆಕ್ಸ್‌ಗಳಿಗೆಂದು ತೆಗೆಸಿದ್ದವು. ನಾಲ್ವರದ್ದೂ ಬಿಳಿ ಅಂಗಿ, ಕಪ್ಪು ಕನ್ನಡಕ, ಕಿವಿಗೆ ಒತ್ತಿಕೊಂಡ ಫೋನು. ನಾಲ್ವರೂ ಪರಸ್ಪರರಿಗೇ ಫೋನು ಮಾಡಿಕೊಂಡಿದ್ದಾರೇನೋ ಎಂದು ನಾವು ನಕ್ಕೆವು. ವಯಸ್ಸಿನ ಪ್ರಕಾರ ಜೋಡಿಸಿದೆವು. ದೊಡ್ಡಣ್ಣನದು ಇನ್ನೊಂದು ಬೇಡಿಕೆಯಿತ್ತು: ಮೌಸಿನ ಬಾಣ ಫೋಟೊದ ಮೇಲಿದ್ದರೆ ಅದು ತಿರುಗದೆ ನಿಲ್ಲಬೇಕು. "ಯಾರಾದ್ರೂ ನನ್ನ ನೋಡ್ತಿದ್ರೆ ತಮ್ಮ ಬಂದು ಅಡ್ಡ ನಿಂತ್ಕೋಬಾರ್ದು" ಎಂದರು. ಅದನ್ನೂ ಮಾಡಿಕೊಟ್ಟೆವು.

ಕೆಲಸ ಮುಗಿಯುವ ಹೊತ್ತಿಗೆ ತಂಗಿ ತಾವೇ ನಮ್ಮ ಆಫೀಸಿಗೆ ಬಂದರು. ಮಗ್ಗುಲಿಗೆ ತಿರುಗಿ ಯಾರನ್ನೋ ನೋಡುತ್ತ ನಗುತ್ತಿದ್ದ ತಮ್ಮ ಫೋಟೊ ಒಂದನ್ನು ಮ್ಯಾನೇಜರ್ ಮುಂದಿಟ್ಟು, "ನಾನೂ ಪಾಲುದಾರಳೇ ಅಲ್ವೇನ್ರೀ, ಇದ್ನೂ ಹಾಕಿ" ಎಂದರು. ಎದುರಿಗೆ ನಿಂತವರಿಗೆ ಇಲ್ಲವೆನ್ನುವ ಧೈರ್ಯ ನಮ್ಮ ಮ್ಯಾನೇಜರಿಗೆ ಯಾವತ್ತೂ ಇಲ್ಲ. ಹಾಕಿಸಿದರು. ಸಂಜೆಗೆ, ಅದನ್ನು ತೆಗೆಯಿರೆಂದು ದೊಡ್ಡಣ್ಣನ ಫೋನು ಬಂತು. ಫೋನಿನಲ್ಲಿದ್ದವರಿಗೂ ಇಲ್ಲವೆನ್ನುವ ಧೈರ್ಯ ಅವರಿಗಿರಲಿಲ್ಲ. ಕೊನೆಗೆ ಇಬ್ಬರಿಗೂ ಹೌದೆನ್ನುವ ದಾರಿ ಹುಡುಕಿದರು. ತಾನಾಗಿ ತಿರುಗುವಾಗ ನಾಲ್ಕನೆಯವರ ನಂತರ ಮತ್ತೆ ದೊಡ್ಡಣ್ಣನೇ ಬರುವುದು. ಐದನೆಯ ಫೋಟೊ ಬೇಕಾದವರು ಪಕ್ಕದ ಬಾಣದ ಗುರುತನ್ನು ಒತ್ತಿ ನೋಡಿಕೊಳ್ಳುವುದು. "ಬಾಣ ಒತ್ತುದ್ರೆ ಬತ್ತಾಳಲ್ಲ, ಅಷ್ಟು ಸಾಕು ಬುಡಿ" ಎಂದು ದೊಡ್ಡಣ್ಣ ಅಪ್ಪಣೆ ಕೊಟ್ಟರಂತೆ.

ನನ್ನ ಪ್ರೋಗ್ರಾಂ ಬಾಣ ಒತ್ತುತ್ತ ಹೋಗುತ್ತಿತ್ತು, ಐದೂ ಫೋಟೊ ಬರುತ್ತಿದ್ದವು, ಗೆರೆ ಹಸಿರಾಗುತ್ತಿತ್ತು. ಮ್ಯಾನೇಜರ್ ಮುಖ ಅದಕ್ಕಿಂತ ಹಸಿರು.

ಎರಡು ದಿನ ಬಿಟ್ಟು ತಂಗಿ ಆಫೀಸಿಗೆ ಫೋನು ಮಾಡಿದರು. ಎತ್ತಿದವಳು ನಾನು. "ಆಗ್ಲಿಂದ ನೋಡ್ತಾ ಕೂತಿವ್ನಿ ಕಣಮ್ಮ. ನಾಲ್ಕು ಜನಾನೂ ಬತ್ತಾರೆ, ಆಮೇಲೆ ಮತ್ತೆ ದೊಡ್ಡಣ್ಣನೇ. ನಾನೆಲ್ಲಿ?"

"ಪಕ್ಕದಲ್ಲಿ ಬಾಣ ಇದೆಯಲ್ಲ ಅಮ್ಮ, ಅದನ್ನ ಒತ್ತಿ."

ಟಕ್ಕೆಂದು ಒತ್ತಿದ ಸದ್ದು ಕೇಳಿಸಿತು. ಆಮೇಲೆ, "ನಮ್ಮಣ್ಣಂದಿರ ಮುಖ ನೋಡಕ್ಕೆ ಯಾರೂ ಏನೂ ಒತ್ತಂಗಿಲ್ಲ, ಅಲ್ವಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಇನ್ನೊಂದು ಪರೀಕ್ಷೆ ಬರೆದೆ: ಏನನ್ನೂ ಒತ್ತದೆ, ಸೈಟು ನೋಡಲು ಬಂದವರ ಹಾಗೆ ಸುಮ್ಮನೆ ಕಾಯುವುದು, ಐದು ಮುಖವೂ ಬಂದರೆ ಪಾಸು. ಕೆಂಪು ಬಂತು. ಮ್ಯಾನೇಜರ್ ಓಡಿ ಬಂದರು. "ಇದನ್ನ ಬರಿ ಅಂತ ಯಾರು ಹೇಳಿದ್ರು ನಿಂಗೆ? ಕ್ಲೈಂಟ್ ಒಪ್ಪಿದ ಮೇಲೆ ಅದು ತಪ್ಪು ಹೇಗಾಗತ್ತೆ?" ಎಂದು ಹೇಳಿ ನನ್ನ ಪರೀಕ್ಷೆಯನ್ನು ಅಳಿಸಿಹಾಕಿದರು. ರಿಪೋರ್ಟು ಮತ್ತೆ ಹಸಿರಾಯಿತು. ನಮ್ಮಲ್ಲಿ ರೋಗ ವಾಸಿ ಮಾಡುವುದು ಹೀಗೆ, ಥರ್ಮಾಮೀಟರ್ ಬಿಸಾಡಿ.

ಸೈಟಿನ ಉದ್ಘಾಟನೆಗೆ ಪುರೋಹಿತರು ಮುಹೂರ್ತ ಇಟ್ಟುಕೊಟ್ಟರು. ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ, ಮೇಲೊಂದು ಸೇವಂತಿಗೆ. ಕಾಯಿ ಒಡೆದು ದೊಡ್ಡಣ್ಣ ಗುಂಡಿ ಒತ್ತಿದರು. ನೋಡುವುದಕ್ಕೆ ಇದ್ದವರು ಸ್ವಲ್ಪವೇ ಜನ. ಮಿಕ್ಕ ನೆಂಟರೆಲ್ಲ ಆಗಲೇ ಎಲೆ ಮುಂದೆ ಕೂತಿದ್ದರು. ಪುಣ್ಯಕ್ಕೆ ಊಟದ ಹಾಲ್‌ನಲ್ಲಿ ದೊಡ್ಡದೊಂದು ಪರದೆಯಿತ್ತು. ಧಾರೆಗೆ ನಿಲ್ಲದೆ ಊಟಕ್ಕೆ ಓಡುವವರಿಗೆ ಮದುವೆ ತೋರಿಸಲೆಂದು ಹಾಕಿಸಿದ್ದು. ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದರು. ಅಣ್ಣಂದಿರೂ ಬಂದು ಪಂಕ್ತಿಯಲ್ಲಿ ಕೂತರು. ಮ್ಯಾನೇಜರಿಗೆ ಜಂಬ ಉಕ್ಕಿ ಬಂತು. "ನಮ್ಮ ಸೈಟನ್ನ ಕಂಪ್ಯೂಟರೇ ಹೆಂಗೆ ಪರೀಕ್ಷೆ ಮಾಡತ್ತೆ, ಎಲ್ಲರಿಗೂ ತೋರಿಸಮ್ಮ" ಎಂದರು.

ಹೀಗೆ ಹೇಳೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಪರೀಕ್ಷೆ ಮುಗಿದ ಕೂಡಲೇ ಬ್ರೌಸರನ್ನು ಮುಚ್ಚುವ ಸಾಲೊಂದು ಪ್ರೋಗ್ರಾಮಿನ ಕೊನೆಯಲ್ಲಿರುತ್ತದೆ. ಬೆಳಿಗ್ಗೆಯೇ ಅದನ್ನು ತೆಗೆದಿದ್ದೆ.

ಯಾರೂ ಮುಟ್ಟದೆ, ಪ್ರೋಗ್ರಾಂ ಬಾಣ ಒತ್ತಿದಂತೆಲ್ಲ ಫೋಟೊಗಳು ಸರಿದವು. ನೆಂಟರು ಬಾಯಲ್ಲಿ ಅನ್ನ ಇಟ್ಟುಕೊಂಡೇ ಆಹಾ ಎಂದರು. ಫೋನು ಹಿಡಿದ ನಾಲ್ವರೂ ಹೋದರು, ತಂಗಿ ಬಂದರು. ಪರೀಕ್ಷೆ ಅಲ್ಲಿಗೆ ಮುಗಿಯಿತು, ಬ್ರೌಸರ್ ಮಾತ್ರ ಮುಚ್ಚಿಕೊಳ್ಳಲಿಲ್ಲ. ಒತ್ತುವ ಬಾಣದ ಗುರುತು ಫೋಟೊದ ಅಂಚಿನ ಮೇಲೆಯೇ ಇದ್ದದ್ದರಿಂದ ಮೌಸು ಅಲ್ಲೇ ಉಳಿಯಿತು; ದೊಡ್ಡಣ್ಣನ ಅಪ್ಪಣೆಯಂತೆ ಫೋಟೊ ತಿರುಗದೆ ನಿಂತಿತು. ಗೋಡೆಯಷ್ಟು ದೊಡ್ಡ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ "ಪಾಲುದಾರರು". ಪಲ್ಯ ಎರಡನೇ ಸಲ ಬಂತು, ಕೋಸಂಬರಿ ಬಂತು, ಮುಖ ಕದಲಲಿಲ್ಲ.

"ಮುಂದಕ್ಕೆ ತಿರುಗ್ಸಮ್ಮ" ಎಂದರು ದೊಡ್ಡಣ್ಣ.

"ನೀವೇ ಹೇಳಿದ್ರಲ್ಲ ಸರ್, ನೋಡ್ತಿರೋವಾಗ ಯಾರೂ ಅಡ್ಡ ಬರಬಾರದು ಅಂತ."

ಮ್ಯಾನೇಜರ್ ನನ್ನನ್ನು ನುಂಗುವಂತೆ ನೋಡಿದರು. ಅಷ್ಟರಲ್ಲಿ ಎದುರು ಸಾಲಿನ ಹಿರಿಯರೊಬ್ಬರು, "ಯಜಮಾನ್ರೇ, ಇದು ನಿಮ್ ತಂಗಿ ಅಲ್ವಾ? ಪಾಲುದಾರರು ಅಂತ ಬರ್ದದೆ?" ಎಂದು ಕೇಳಿದರು. ಆ ಸಾಲಿನವರೆಲ್ಲ ಉಣ್ಣುವುದನ್ನು ಬಿಟ್ಟು ಇವರತ್ತ ನೋಡಿದರು.

ದೊಡ್ಡಣ್ಣ ಎಲೆಯ ಮೇಲಿನ ಬರಿ ಅನ್ನವನ್ನೇ ಕಲಸುತ್ತ, "ಹೂಂ... ಪಾಲುದಾರಳೇ" ಎಂದರು.

ಸಾರಿನ ಬಕೆಟ್ಟು ಹಿಡಿದು ಅವರ ಎಲೆಯ ಮುಂದೆಯೇ ನಿಂತಿದ್ದ ತಂಗಿ ಸೌಟನ್ನು ಎತ್ತಿದವರು ಬಡಿಸಲಿಲ್ಲ.

"ಇನ್ನೊಂದ್ಸಲ ಜೋರಾಗಿ ಹೇಳಣ್ಣ. ಆ ಕಡೆ ಸಾಲಿಗೆ ಕೇಳಿಸ್ಲಿಲ್ಲ."